ಸೀಸನ್ ಮುಗಿಯಿತು, ಎಸ್ಟೀಮ್ ಶೆಡ್ಡಿಗೆ ಬಂತು: ದುಡ್ಡು ಮೊದಲು ಇಂಜಿನ್ನಿಗೋ, ಉಳಿದದ್ದಕ್ಕೋ?

ಭೋಸರಿ_ಶೆಡ್ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು, ಧಾರವಾಡ, ಬೆಳಗಾವಿ ಕಡೆಯವರು. ಈಗ ಪುಣೆಯಲ್ಲಿ ನೌಕರಿ. ಭೋಸರಿ ಎಂಐಡಿಸಿಯಲ್ಲಿ ಸಣ್ಣದೊಂದು ಶೆಡ್ ಬಾಡಿಗೆಗೆ ಹಿಡಿದಿದ್ದೇವೆ. ನಮ್ಮ ರೇಸ್ ಕಾರು ಅಲ್ಲೇ ಇದೆ. ಮಾರುತಿ ಎಸ್ಟೀಮ್, 1298 ಸಿಸಿ, 16 ವಾಲ್ವ್, ಕಂಪನಿಯಿಂದ ಬಂದಾಗ 85 ಬಿಎಚ್‌ಪಿ ಇದ್ದ ಎಂಪಿಎಫ್‌ಐ ಇಂಜಿನ್. ಒಳಗೆಲ್ಲ ಖಾಲಿ ಮಾಡಿ ರೋಲ್ ಕೇಜ್ (ಕಾರು ಪಲ್ಟಿಯಾದರೂ ಡ್ರೈವರನ್ನು ಕಾಯುವ ಪೈಪಿನ ಪಂಜರ) ಹಾಕಿದ್ದ ಕಾರನ್ನೇ ಕೊಂಡದ್ದು.

ಸೀಸನ್ ಮುಗಿದಿದೆ. ಮುಂದಿನ ಮೊದಲ ರೌಂಡಿಗೆ ಇನ್ನೂ ಐದಾರು ತಿಂಗಳು ಟೈಮ್ ಇದೆ. ಕೈಯಲ್ಲಿ ಮೂರು ಲಕ್ಷದ ಆಸುಪಾಸು ದುಡ್ಡಿದೆ. ಇಲ್ಲಿಂದ ನಮ್ಮ ನಡುವೆ ಜಗಳ ಶುರು.

ಇಬ್ಬರು ಹೇಳುವುದು: ಇಂಜಿನ್ ಬಿಚ್ಚಿ, 0.5 ಓವರ್‌ಸೈಜ್ ಪಿಸ್ಟನ್ ಹಾಕಿ, ಹೆಡ್ ಫೇಸಿಂಗ್ ಮಾಡಿಸಿ (ಸಿಲಿಂಡರ್ ಹೆಡ್ಡಿನ ತಳ ಸ್ವಲ್ಪ ಕೆತ್ತಿಸಿ), ವಾಲ್ವ್ ತೆರೆಯುವ ಕ್ಯಾಮ್ ಬದಲಿಸಿ, ಸ್ಟ್ಯಾಂಡಲೋನ್ ಇಸಿಯು (ಇಂಜಿನ್ ನಡೆಸುವ ಬೇರೆ ಕಂಪ್ಯೂಟರ್) ಕೂರಿಸೋಣ. ನೇರ ರಸ್ತೆಯಲ್ಲಿ ಎಲ್ಲರೂ ನಮ್ಮನ್ನು ಹಿಂದೆ ಹಾಕುತ್ತಿದ್ದಾರೆ. ಇನ್ನಿಬ್ಬರು ಹೇಳುವುದು: ಬ್ರೇಕ್, ಸಸ್ಪೆನ್ಶನ್, ತೂಕ ಮೊದಲು.

ಹೋದ ಸೀಸನ್ನಿನಲ್ಲಿ ಕಂಡ ತೊಂದರೆ ಇವು. ಚೆನ್ನೈ ಟ್ರ್ಯಾಕಿನ ಉದ್ದ ತಿರುವುಗಳಲ್ಲಿ ಆಯಿಲ್ ಪ್ರೆಷರ್ ಸೂಜಿ ಕೆಳಗೆ ಬೀಳುತ್ತಿತ್ತು, ನೇರಕ್ಕೆ ಬಂದ ಕೂಡಲೇ ಮೇಲೇಳುತ್ತಿತ್ತು. ರೇಸಿನ ಕೊನೆಕೊನೆಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತಿತ್ತು. ತಿರುವಿನ ನಡುವೆ ಕಾರಿನ ಮೂತಿ ಹೊರಗೇ ಎಳೆಯುತ್ತದೆ, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಅಷ್ಟೇ.

ಅನುಭವ ಇರುವವರು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಕುಡ್ಲದ_ಕಾರು

ಮಾರಾಯ್ರೆ, ನೀವೇ ಉತ್ತರ ಬರೆದಿದ್ದೀರಿ. ಪ್ರೆಷರ್ ಬೀಳುವ ಇಂಜಿನ್ನಿಗೆ ಕ್ಯಾಮ್ ಹಾಕಿ ಆರ್‌ಪಿಎಂ ಏರಿಸಿದರೆ ಎರಡನೇ ರೌಂಡಿಗೆ ಕನೆಕ್ಟಿಂಗ್ ರಾಡ್ ಹೊರಗೆ ಬರುತ್ತದೆ. ಮೊದಲು ಆಯಿಲ್, ಆಮೇಲೆ ಉಳಿದದ್ದು.

ಥಾಣೆ_ಕನ್ನಡಿಗ

ನನ್ನ ಅಭಿಪ್ರಾಯ ಬೇರೆ. ಆ ಇಂಜಿನ್ನಿಗೆ ದುಡ್ಡು ಸುರಿಯುವುದೇ ಬೇಡ. ಕುರ್ಲಾಕ್ಕೆ ಬನ್ನಿ. ಗುಜರಿಯಲ್ಲಿ ಹಳೆ ಬಲೆನೋದ 1.6 ಇಂಜಿನ್ ಹುಡುಕಿದರೆ ಸಿಗುತ್ತದೆ. 1590 ಸಿಸಿ, ಅದೇ ಜಿ ಸೀರೀಸ್ ಮನೆತನದ ಇಂಜಿನ್. ಸ್ಟಾಕಿನಲ್ಲೇ 94 ಬಿಎಚ್‌ಪಿ. ನೀವು ಕಷ್ಟಪಟ್ಟು ಪಡೆಯುವ ಪವರ್ ಬಿಟ್ಟಿಯಾಗಿ ಬಂದ ಹಾಗೆ, ಅಲ್ವಾ?

ಚಾಕಣ್_ಸೆಕೆಂಡ್_ಶಿಫ್ಟ್

@ಥಾಣೆ_ಕನ್ನಡಿಗ ಸಿಸಿ ಬದಲಾದರೆ ಕ್ಲಾಸೇ ಬದಲಾಗುತ್ತದಲ್ಲ ಸರ್. 1300ರವರ ಜೊತೆ ಓಡುತ್ತಿದ್ದವರು ದೊಡ್ಡ ಕಾರುಗಳ ಜೊತೆ ಹೋಗಿ ನಿಲ್ಲಬೇಕು. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸಿಂಗ್ ಸಂಸ್ಥೆ) ನಿಯಮದ ಪುಸ್ತಕ, ಆ ವರ್ಷದ ತಾಂತ್ರಿಕ ನಿಯಮ, ಎರಡನ್ನೂ ಓದದೆ ಒಂದು ಬೋಲ್ಟ್ ಕೂಡ ಕೊಳ್ಳಬೇಡಿ.

ಓವರ್‌ಸೈಜ್ ಪಿಸ್ಟನ್ನಿಗೂ ಇದೇ ಮಾತು. ಬೋರ್ (ಸಿಲಿಂಡರಿನ ಒಳ ವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 75.5. ಬೋರ್ 74.5 ಆದರೆ ಒಟ್ಟು 1316 ಸಿಸಿ ದಾಟುತ್ತದೆ. ಸಿಕ್ಕಿದ್ದು ಸುಮಾರು ಹದಿನೆಂಟು ಸಿಸಿ. ನಿಮ್ಮ ಕ್ಲಾಸಿನ ಮಿತಿ ಸರಿಯಾಗಿ 1300 ಅಂತ ಇದ್ದರೆ, ಮತ್ತು ರೀಬೋರಿಗೆ ವಿನಾಯಿತಿ ಬರೆದಿರದಿದ್ದರೆ, ರೇಸಿನ ಮುಂಚಿನ ತಪಾಸಣೆಯಲ್ಲೇ (ಸ್ಕ್ರೂಟಿನಿ) ಮನೆಗೆ ವಾಪಸ್. ಬೋರ್ ಸವೆದಿಲ್ಲ ಅಂದರೆ ಹೋನಿಂಗ್ (ಬೋರಿನ ಒಳಮೈ ತೆಳುವಾಗಿ ಉಜ್ಜುವುದು) ಮಾಡಿಸಿ ಹೊಸ ರಿಂಗ್ ಹಾಕಿ, ಸಾಕು.

ಥಾಣೆ_ಕನ್ನಡಿಗ

ಕ್ಲಾಸ್ ವಿಷಯ ಒಪ್ಪಿದೆ. ಆದರೆ ನೇರ ರಸ್ತೆಯಲ್ಲಿ ಹಿಂದೆ ಬೀಳುತ್ತಿದ್ದಾರೆ ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಫಾರ್ಮುಲಾ_ಹುಡುಗಿ

ನಾನು ಕೊಡುತ್ತೇನೆ. ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಸ್ಪರ್ಧೆ) ತಂಡದಲ್ಲಿದ್ದೇನೆ. ಜನವರಿಯಲ್ಲಿ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಫಾರ್ಮುಲಾ ಭಾರತ್ ಮುಗಿಸಿ ಬಂದ ಮೇಲೆ ನಾವು ಮಾಡುವ ಮೊದಲ ಕೆಲಸ ಡೇಟಾ ನೋಡುವುದು. ಅಣ್ಣ, ನಿಮ್ಮ ಹತ್ರ ಕಾರಿನ ವೇಗ, ಜಾಗ ದಾಖಲಿಸುವ ಡೇಟಾ ಲಾಗರ್ ಇದೆಯಾ?

ನೇರ ರಸ್ತೆಯಲ್ಲಿ ಹಿಂದೆ ಬೀಳುವುದಕ್ಕೆ ಪವರ್ ಒಂದೇ ಕಾರಣ ಅಲ್ಲ. ಹಿಂದಿನ ತಿರುವಿನಿಂದ ಎಷ್ಟು ವೇಗದಲ್ಲಿ ಹೊರಗೆ ಬಂದಿರಿ ಅನ್ನುವುದರ ಮೇಲೆ ಇಡೀ ನೇರ ನಿಂತಿದೆ. ಮೂತಿ ಹೊರಗೆ ಎಳೆಯುತ್ತಿದೆ ಅಂತ ನೀವೇ ಬರೆದಿದ್ದೀರಿ. ಅಂದರೆ ನೀವು ಆಕ್ಸಿಲರೇಟರ್ ಒತ್ತುವುದು ಬೇರೆಯವರಿಗಿಂತ ತಡ. ಅವರು ಆಗಲೇ ಹೋಗಿಬಿಟ್ಟಿರುತ್ತಾರೆ. ನೇರದ ತುದಿಯಲ್ಲಿ ನೋಡಿದರೆ ಇಂಜಿನ್ನೇ ಕಡಿಮೆ ಅನಿಸುತ್ತದೆ.

ಫೋನಿನ ಜಿಪಿಎಸ್ ನಂಬಬೇಡಿ. ಸಾಮಾನ್ಯ ಫೋನಿನಲ್ಲಿ ಸೆಕೆಂಡಿಗೆ ಒಂದು ಬಿಂದು. ಗಂಟೆಗೆ 140 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 39 ಮೀಟರ್ ಹೋಗಿರುತ್ತೀರಿ. ಆ ಮಧ್ಯದಲ್ಲೇ ಬ್ರೇಕ್ ಪಾಯಿಂಟ್ ಕಳೆದುಹೋಗುತ್ತದೆ. ಕನಿಷ್ಠ 10 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಹತ್ತು ಬಿಂದು ಕೊಡುವ ಲಾಗರ್ ಬೇಕು. ಮೂರು ಲಕ್ಷದಲ್ಲಿ ಮೊದಲ ಖರೀದಿ ಅದೇ ಆಗಲಿ.

ಭೋಸರಿ_ಶೆಡ್

ಲಾಗರ್ ಇಲ್ಲ ತಂಗಿ. ಕಾರಿನ ಒಳಗಿನ ಕ್ಯಾಮೆರಾ ವಿಡಿಯೋ ಮಾತ್ರ ಇದೆ.

ಫಾರ್ಮುಲಾ_ಹುಡುಗಿ

ವಿಡಿಯೋದಲ್ಲಿ ಇಂಜಿನ್ ಸದ್ದು ಕೇಳುತ್ತದಲ್ಲ? ತಿರುವಿನ ತುದಿಯಿಂದ ಫುಲ್ ಥ್ರಾಟಲ್ ಸದ್ದು ಬರುವವರೆಗೆ ಎಷ್ಟು ಹೊತ್ತು ಅಂತ ಅಳೆಯಿರಿ. ಮುಂದೆ ಹೋದ ಕಾರು ಅದೇ ಜಾಗದಲ್ಲಿ ಏನು ಮಾಡುತ್ತದೆ, ಅದನ್ನೂ ನೋಡಿ. ಇದಕ್ಕೆ ದುಡ್ಡು ಬೇಡ.

ಉದ್ಯಮಬಾಗ್_ಲೇಥ್

ತಮ್ಮಾ, ನಾನು ಬೆಳಗಾವಿ ಉದ್ಯಮಬಾಗದಾಗ ಮಷಿನ್ ಶಾಪಿನಲ್ಲಿ ಬೆಳೆದವನು, ಈಗ ಪಿಂಪ್ರಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಎಲ್ಲರೂ ಏನು ಹಾಕಬೇಕು ಅಂತ ಮಾತಾಡುತ್ತಿದ್ದಾರೆ. ಮೊದಲು ಬಿಚ್ಚಿ ನೋಡ್ರಿ. ಇಂಜಿನ್ ತಾನೇ ಹೇಳುತ್ತದೆ.

ಸಂಪ್ (ಇಂಜಿನ್ ತಳದ ಎಣ್ಣೆ ತಟ್ಟೆ) ಇಳಿಸಿ. ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಕಡೆಯ ಬಿಗ್ ಎಂಡ್ ಕ್ಯಾಪ್ ಒಂದೊಂದಾಗಿ ಬಿಚ್ಚಿ. ಯಾವ ಕ್ಯಾಪ್ ಯಾವ ರಾಡಿನದು, ಯಾವ ಮುಖ ಮುಂದೆ, ಗುರುತು ಹಾಕಿಕೊಳ್ಳಿ. ಒಳಗಿನ ಬೇರಿಂಗ್ ಶೆಲ್ ಮೇಲ್ಮೈ ಒಂದೇ ಸಮ ಮಂಕು ಬೂದು ಇದ್ದರೆ ಒಳ್ಳೆಯದು. ತಾಮ್ರದ ಬಣ್ಣ ಕಂಡರೆ ಮೇಲಿನ ಪದರ ಹೋಗಿದೆ ಅಂತ ಅರ್ಥ. ಉಗುರಿಗೆ ಗೀರು ಸಿಕ್ಕರೆ ಕ್ರ್ಯಾಂಕ್ ಕೂಡ ತೆಗೆಯಲೇಬೇಕು.

ಹೆಡ್ ತೆಗೆದ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ಹಾಕಿ ನೋಡಿ, ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ. ಸಪಾಟಾಗಿದ್ದರೆ ಮುಟ್ಟಬೇಡಿ. ಕಂಪ್ರೆಶನ್ ಜಾಸ್ತಿ ಮಾಡಲು ಸುಮ್ನೆ ಫೇಸಿಂಗ್ ಹೊಡೆಸುವವರು ಒಂದು ಮಾತು ಮರೆಯುತ್ತಾರೆ. ಹೆಡ್ ಕೆಳಗೆ ಬಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ದೂರ ಕಡಿಮೆಯಾಗುತ್ತದೆ. ಬೆಲ್ಟ್ ಅಷ್ಟೇ ಉದ್ದ ಇರುತ್ತದೆ, ಹಾಗಾಗಿ ಕ್ಯಾಮ್ ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಟೈಮಿಂಗ್ ಸರಿಹೊಂದಿಸುವ ವರ್ನಿಯರ್ ಪುಲಿ ಹುಡುಕಬೇಕು.

ಕುಡ್ಲದ_ಕಾರು

ಕಾಕಾ ಹೇಳಿದ್ದಕ್ಕೆ ನೂರಕ್ಕೆ ನೂರು.

ವೆಲ್ಡಿಂಗ್_ಟಾರ್ಚ್

ಯಾರೂ ಕೇಜ್ ಬಗ್ಗೆ ಕೇಳಲಿಲ್ಲ. ನನಗೆ ಕೋಪ ಬರುವುದು ಇಲ್ಲೇ. ಬೇರೆಯವರಿಂದ ಕೊಂಡ ಕಾರು ಅಂತೀರಿ. ಆ ಕೇಜ್ ಯಾವ ಪೈಪಿನದು ಅಂತ ಗೊತ್ತಾ?

ಎಫ್‌ಐಎ ಅಪೆಂಡಿಕ್ಸ್ ಜೆ, ಆರ್ಟಿಕಲ್ 253 ಓದಿ. ಮುಖ್ಯ ಹೂಪ್ (ಡ್ರೈವರ್ ಹಿಂದಿನ ದೊಡ್ಡ ಕಮಾನು) ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಆಗಿರಬೇಕು. 45 ಮಿ.ಮೀ. ಹೊರ ವ್ಯಾಸಕ್ಕೆ 2.5 ಮಿ.ಮೀ. ದಪ್ಪ, ಅಥವಾ 50ಕ್ಕೆ 2. ಉಳಿದ ಪೈಪುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಎಳೆತ ತಾಳುವ ಶಕ್ತಿ ಕನಿಷ್ಠ 350 ನ್ಯೂಟನ್ ಪ್ರತಿ ಚದರ ಮಿ.ಮೀ. ಇದು ಬದುಕಿನ ವಿಷಯ.

ಇಲ್ಲಿ ಮಾರ್ಕೆಟ್ಟಿನಲ್ಲಿ ಸುಲಭವಾಗಿ ಸಿಗುವುದು ಇಆರ್‌ಡಬ್ಲ್ಯೂ ಪೈಪ್. ಪಟ್ಟಿಯನ್ನು ಸುತ್ತಿ ಬೆಸೆದದ್ದು. ಮೇಲೆ ಪೇಂಟ್ ಹೊಡೆದರೆ ಎರಡೂ ಒಂದೇ ಥರ ಕಾಣುತ್ತವೆ. ಪೈಪಿನ ತೆರೆದ ತುದಿ ಎಲ್ಲಾದರೂ ಇದ್ದರೆ ಬೆರಳು ಒಳಗೆ ಹಾಕಿ ತಿರುಗಿಸಿ. ಉದ್ದಕ್ಕೆ ಒಂದು ಏಣು ಸಿಕ್ಕರೆ ಅದು ಬೆಸುಗೆ ಪೈಪ್. ದಪ್ಪ ನೋಡಲು ಅಲ್ಟ್ರಾಸಾನಿಕ್ ಗೇಜ್ ಇರುವವರು ಭೋಸರಿಯಲ್ಲೇ ಸಿಗುತ್ತಾರೆ, ಪೈಪ್‌ಲೈನ್ ಫ್ಯಾಬ್ರಿಕೇಶನ್ ಮಾಡುವ ಕಡೆ ಕೇಳಿ.

ಜಾಯಿಂಟುಗಳನ್ನೂ ನೋಡಿ. ಪೈಪ್ ಸುತ್ತಲೂ ಪೂರ್ತಿ ವೆಲ್ಡ್ ಆಗಿರಬೇಕು. ರೂಫಿಗೆ ಅಂಟಿಕೊಂಡ ಕಡೆ ಟಾರ್ಚ್ ಹೋಗುವುದಿಲ್ಲ ಅಂತ ಮೇಲಿನ ಅರ್ಧ ಬಿಟ್ಟುಬಿಡುತ್ತಾರೆ. ಒಂದು ಸಣ್ಣ ಕನ್ನಡಿ ಹಿಡಿದು ಮೇಲಿನಿಂದ ನೋಡಿ. ನಾನು ಅಂಥ ಕೇಜ್ ನೋಡಿದ್ದೇನೆ. ಮುಂದಿನಿಂದ ನೋಡಿದರೆ ಅಂದವಾದ ವೆಲ್ಡ್, ಮೇಲೆ ಬರಿ ಸಂದು.

ಚಾಕಣ್_ಸೆಕೆಂಡ್_ಶಿಫ್ಟ್

ಇದರ ಜೊತೆ ಸೀಟ್ ಬೆಲ್ಟಿನ ಲೇಬಲ್ ಓದಿ. "ನಾಟ್ ವ್ಯಾಲಿಡ್ ಆಫ್ಟರ್" ಅಂತ ವರ್ಷ ಹಾಕಿರುತ್ತಾರೆ. ದಾಟಿದ್ದರೆ ನೋಡಲು ಎಷ್ಟೇ ಹೊಸದಾಗಿದ್ದರೂ ಬೇಡ.

ಶೋಲಾವರಂ_ನೋಡಿದವ

ನಾನು ಕೊತ್ರೂಡಿನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಹುಡುಗನಾಗಿದ್ದಾಗ ಮದ್ರಾಸಿನ ಹತ್ತಿರ ಶೋಲಾವರಂ ಏರ್‌ಸ್ಟ್ರಿಪ್‌ನಲ್ಲಿ ರೇಸ್ ನೋಡಿದ್ದೇನೆ. ಆಗ ಇರುಂಗಾಟ್ಟುಕೋಟೈ ಟ್ರ್ಯಾಕ್ ಇರಲಿಲ್ಲ, ಅದು 1990ರಲ್ಲಿ ಬಂತು. ಯುದ್ಧಕಾಲದ ಹಳೆ ರನ್‌ವೇ ಮೇಲೆ ಕಾರುಗಳು ಓಡುತ್ತಿದ್ದವು.

ಕರಿ ಟ್ರ್ಯಾಕಿನ ಹೆಸರು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಅದು ಎಸ್. ಕರಿವರ್ಧನ್ ಅವರ ನೆನಪಿಗೆ ಇಟ್ಟ ಹೆಸರು. ಕೊಯಮತ್ತೂರಿನವರು, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮಾರುತಿ 800ರ ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ಅಂತ ಒಂಟಿ ಸೀಟಿನ ರೇಸ್ ಕಾರು ಕಟ್ಟಿದವರು. ಕಡಿಮೆ ಪವರಿನ ಇಂಜಿನ್, ಆದರೆ ಹಗುರ ಕಾರು. ಎಷ್ಟೋ ಹುಡುಗರು ರೇಸ್ ಕಲಿತದ್ದು ಅಂಥ ಕಾರುಗಳಲ್ಲೇ. ಪವರ್ ಕಡಿಮೆ ಇದ್ದರೆ ತಿರುವಿನಲ್ಲಿ ವೇಗ ಉಳಿಸಿಕೊಳ್ಳುವುದನ್ನು ಕಲಿಯಲೇಬೇಕಾಗುತ್ತದೆ. ನಿಮ್ಮ ಎಸ್ಟೀಮ್ ಕೂಡ ಅದೇ ಜಾತಿಯ ಕಾರು. ಅದನ್ನು ಹಗುರ ಮಾಡಿ, ನೆಟ್ಟಗೆ ನಿಲ್ಲಿಸಿ.

ಓದುಗ_ಮಾತ್ರ

ಸರ್, ಶೋಲಾವರಂ ಬಗ್ಗೆ ಬೇರೆ ಥ್ರೆಡ್ಡಿನಲ್ಲಿ ಬರೆಯಿರಿ ದಯವಿಟ್ಟು. ಕನ್ನಡದಲ್ಲಿ ಇಂಥದ್ದು ಓದಲು ಸಿಗುವುದೇ ಇಲ್ಲ.

ನಾನಾಪೇಠ_ಸ್ಪೇರ್ಸ್

ತೂಕದ ಲೆಕ್ಕ ನಾನು ಕೊಡುತ್ತೇನೆ. ಡ್ರೈವರ್ ಸೇರಿ 800 ಕಿಲೋ ಅಂತ ಇಟ್ಟುಕೊಳ್ಳಿ, 85 ಬಿಎಚ್‌ಪಿ. 40 ಕಿಲೋ ಇಳಿಸಿದರೆ ಸುಮಾರು ನಾಲ್ಕೂವರೆ ಬಿಎಚ್‌ಪಿ ಸೇರಿಸಿದ್ದಕ್ಕೆ ಸಮ. ಅದೂ ಆಕ್ಸಿಲರೇಶನ್ ಒಂದಕ್ಕೆ. ಬ್ರೇಕಿಗೂ, ತಿರುವಿಗೂ, ಟೈರಿಗೂ ಆಗುವ ಲಾಭ ಬೇರೆ. ಕ್ಲಾಸಿನಲ್ಲಿ ಕನಿಷ್ಠ ತೂಕ ಎಷ್ಟು ಅಂತ ಮಾತ್ರ ನೋಡಿಕೊಳ್ಳಿ.

ಎಲ್ಲಿಂದ ತೆಗೆಯುವುದು? ನೆಲದ ಮೇಲೆ ಡಾಂಬರಿನ ಥರ ಅಂಟಿಸಿರುವ ಸದ್ದು ತಡೆಯುವ ಪಟ್ಟಿ ಇನ್ನೂ ಇದೆಯಾ ನೋಡಿ. ಬಹಳ ಜನ ಸೀಟು, ಕಾರ್ಪೆಟ್ ತೆಗೆದು ಅದನ್ನು ಬಿಟ್ಟಿರುತ್ತಾರೆ.

ಕುಡ್ಲದ_ಕಾರು

ಅದನ್ನು ಹೀಟ್ ಗನ್ ಹಿಡಿದು ಕೆರೆಯಬೇಡಿ, ಕೈಗೆ, ನೆಲಕ್ಕೆ ಎಲ್ಲಾ ಮೆತ್ತುತ್ತದೆ. ಡ್ರೈ ಐಸ್ ತನ್ನಿ. ಐಸ್‌ಕ್ರೀಮ್ ಸಾಗಿಸುವವರಿಗೆ ಮಾರುವವರ ಹತ್ರ ಸಿಗುತ್ತದೆ. ಅದು ಮೈನಸ್ 78 ಡಿಗ್ರಿ. ಚೂರು ಮಾಡಿ ಪಟ್ಟಿಯ ಮೇಲೆ ಹರಡಿ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಟಪ್ ಟಪ್ ಅಂತ ಬಿರಿಯುತ್ತದೆ. ಆಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಹಪ್ಪಳದ ಹಾಗೆ ಒಡೆದು ಬರುತ್ತದೆ. ದಪ್ಪ ಗ್ಲೌಸ್ ಹಾಕಿ, ಶೆಡ್ಡಿನ ಬಾಗಿಲು, ಕಿಟಕಿ ಪೂರ್ತಿ ತೆರೆದಿಡಿ. ಅದು ಆವಿಯಾದರೆ ಕಾರ್ಬನ್ ಡೈಆಕ್ಸೈಡ್. ಮುಚ್ಚಿದ ಜಾಗದಲ್ಲಿ ಉಸಿರಿಗೆ ಅಪಾಯ.

ಭೋಸರಿ_ಶೆಡ್ · ಮುಂದಿನ ವಾರ

ಕಾಕಾ ಹೇಳಿದ ಹಾಗೆ ಸಂಪ್ ಇಳಿಸಿದೆವು. ಮೂರನೇ ಸಿಲಿಂಡರಿನ ಬಿಗ್ ಎಂಡ್ ಶೆಲ್ ಮೇಲೆ ಹೆಬ್ಬೆರಳಿನಷ್ಟು ಅಗಲ ತಾಮ್ರ ಕಾಣುತ್ತಿದೆ. ಉಳಿದ ಮೂರರಲ್ಲಿ ಸಣ್ಣ ಗೀರುಗಳು. ಕ್ರ್ಯಾಂಕ್ ಜರ್ನಲ್ ಮೇಲೆ ಉಗುರು ಓಡಿಸಿದರೆ ಮೂರನೆಯದರಲ್ಲಿ ಮಾತ್ರ ಸ್ವಲ್ಪ ತಡೆಯುತ್ತದೆ. ಬೋರ್ ಒಳಗೆ ಹೋನಿಂಗಿನ ಅಡ್ಡಗೆರೆ ಇನ್ನೂ ಚೆನ್ನಾಗಿದೆ. ಹೆಡ್ ಸಪಾಟಾಗಿದೆ.

ಕೇಜಿನ ದಪ್ಪ ಅಳೆಸಿದೆವು. ಮುಖ್ಯ ಹೂಪ್ 2.5, ಸರಿ ಇದೆ. ಬಾಗಿಲ ಕಡೆಯ ಅಡ್ಡ ಪೈಪುಗಳು ಎರಡೂ ಕಡೆ 2ಕ್ಕಿಂತ ಕಡಿಮೆ, ಒಳಗೆ ಏಣು ಕೂಡ ಇದೆ.

ವೆಲ್ಡಿಂಗ್_ಟಾರ್ಚ್

ಬಾಗಿಲ ಪೈಪ್ ಕತ್ತರಿಸಿ ತೆಗೆಯಿರಿ. ಚರ್ಚೆಯೇ ಬೇಡ. ಪಕ್ಕದಿಂದ ಬಂದು ಗುದ್ದಿದರೆ ಡ್ರೈವರಿಗೂ ಇನ್ನೊಂದು ಕಾರಿಗೂ ನಡುವೆ ಇರುವುದು ಅದೊಂದೇ.

ಉದ್ಯಮಬಾಗ್_ಲೇಥ್

ಮೂರನೇ ಶೆಲ್ಲಿನ ತಾಮ್ರ ಮತ್ತು ಉದ್ದ ತಿರುವಿನಲ್ಲಿ ಬೀಳುವ ಸೂಜಿ, ಎರಡೂ ಒಂದೇ ಕಥೆ. ಹಿಡಿತ ಜಾಸ್ತಿ ಇರುವ ರೇಸ್ ಟೈರಿನಲ್ಲಿ ಕಾರು ಬಹಳ ಹೊತ್ತು ತಿರುವಿನಲ್ಲಿದ್ದಾಗ ಸಂಪಿನ ಎಣ್ಣೆ ಒಂದು ಗೋಡೆಗೆ ಹೋಗಿ ನಿಲ್ಲುತ್ತದೆ. ಪಿಕಪ್ ಪೈಪಿನ ಬಾಯಿ ಗಾಳಿ ಎಳೆಯುತ್ತದೆ. ಆ ಎರಡು ಸೆಕೆಂಡಿನಲ್ಲಿ ಬೇರಿಂಗ್ ಒಣಗುತ್ತದೆ. ಮನೆಗೆ ಓಡಿಸುವ ಕಾರಿನ ಸಂಪ್ ಇದಕ್ಕೆ ಮಾಡಿದ್ದಲ್ಲ.

ಸಂಪಿನ ಒಳಗೆ ಪಿಕಪ್ ಸುತ್ತ ಒಂದು ಪೆಟ್ಟಿಗೆಯ ಹಾಗೆ ತಗಡಿನ ಗೋಡೆ ಕಟ್ಟಿಸಿ. ಗೋಡೆಗಳಿಗೆ ಸಣ್ಣ ಬಾಗಿಲು, ಒಳಕ್ಕೆ ಮಾತ್ರ ತೆರೆಯುವಂಥವು. ಎಣ್ಣೆ ಒಳಗೆ ಬರುತ್ತದೆ, ಹೊರಗೆ ಓಡುವುದಿಲ್ಲ. ಮೇಲೆ ಒಂದು ವಿಂಡೇಜ್ ಟ್ರೇ, ತಿರುಗುವ ಕ್ರ್ಯಾಂಕಿನಿಂದ ಎಣ್ಣೆಯನ್ನು ದೂರ ಇಡುವ ತಗಡು. ವೆಲ್ಡ್ ಆದ ಮೇಲೆ ಸೀಮೆಎಣ್ಣೆ ತುಂಬಿಸಿ ರಾತ್ರಿ ಇಟ್ಟು ಸೋರುತ್ತದಾ ನೋಡಿ.

ಕ್ರ್ಯಾಂಕನ್ನು ಎಂಪಿಐ ಟೆಸ್ಟ್ ಮಾಡಿಸಿ, ಕಾಂತ ಹಾಕಿ ಬಿರುಕು ನೋಡುವುದು. ಅಲ್ಯೂಮಿನಿಯಂ ಹೆಡ್ಡಿಗೆ ಅದು ನಡೆಯುವುದಿಲ್ಲ, ಡಿಪಿ ಟೆಸ್ಟ್ ಮಾಡಿ. ಕೆಂಪು ಬಣ್ಣ ಸಿಂಪಡಿಸಿ, ಕಾಲು ಗಂಟೆ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ವಾಲ್ವ್ ಸೀಟುಗಳ ಮಧ್ಯೆ ಕೂದಲೆಳೆಯ ಕೆಂಪು ಗೆರೆ ಎದ್ದು ಬಂದರೆ ಅಲ್ಲೇ ಬಿರುಕು.

ಹೊಸ ಶೆಲ್ ಹಾಕಿದ ಮೇಲೆ ಸಂದು ಅಳೆಯಲು ಪ್ಲಾಸ್ಟಿಗೇಜ್ ತನ್ನಿ, ಒತ್ತಿದರೆ ಚಪ್ಪಟೆಯಾಗುವ ಮೆತ್ತನೆಯ ಪ್ಲಾಸ್ಟಿಕ್ ದಾರ. ಹಸಿರು ದಾರ 0.025ರಿಂದ 0.076 ಮಿ.ಮೀ. ವರೆಗೆ ತೋರಿಸುತ್ತದೆ. ಜರ್ನಲ್ ಎಣ್ಣೆ ಇಲ್ಲದೆ ಒರೆಸಿ, ದಾರ ಅಡ್ಡ ಇಟ್ಟು, ಕ್ಯಾಪ್ ಹಾಕಿ ಟಾರ್ಕ್ ರೆಂಚಿನಲ್ಲಿ ಪೂರ್ತಿ ಬಿಗಿ ಮಾಡಿ. ಕ್ರ್ಯಾಂಕ್ ಸ್ವಲ್ಪವೂ ತಿರುಗಬಾರದು. ಮತ್ತೆ ಬಿಚ್ಚಿ, ಚಪ್ಪಟೆಯಾದ ದಾರದ ಅಗಲವನ್ನು ಪೊಟ್ಟಣದ ಮೇಲಿನ ಪಟ್ಟಿಗೆ ಹೋಲಿಸಿ. ದಾರ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ ಅಂದರೆ ಜರ್ನಲ್ ಓರೆಯಾಗಿ ಸವೆದಿದೆ. ನಂಬಿಕೆಯ ಮಷಿನ್ ಶಾಪ್ ಆದರೂ ಇದನ್ನು ನೀವೇ ಮಾಡ್ರಿ.

ಥಾಣೆ_ಕನ್ನಡಿಗ

ಕಾಕಾ, ಇದನ್ನು ಓದಿದ ಮೇಲೆ ನನ್ನ ಬಲೆನೋ ಇಂಜಿನ್ ಮಾತು ವಾಪಸ್. ಗುಜರಿ ಇಂಜಿನ್ನಿನ ಒಳಗೆ ಏನಿದೆ ಅಂತ ಯಾರಿಗೆ ಗೊತ್ತು. ಆದರೆ ಇಸಿಯು ಬದಲಿಸುವ ನಿಮ್ಮ ಯೋಚನೆ ಮಾತ್ರ ಸರಿ ಅನ್ನುತ್ತೇನೆ. ಈಗ ಪಂಪಿನಲ್ಲಿ ಸಿಗುವುದು ಇ20, ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನದ ಸರಿ ಅನುಪಾತ 14.7. ಇ20ಗೆ ಸುಮಾರು 13.5. ಹಳೆ ಇಸಿಯು ಫುಲ್ ಥ್ರಾಟಲಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡುವುದಿಲ್ಲ, ಹಳೆ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತದೆ. ಅಂದರೆ ಲೀನ್, ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ. ಅದಕ್ಕಾದರೂ ಟ್ಯೂನಿಂಗ್ ಬೇಕಲ್ಲ?

ಫಾರ್ಮುಲಾ_ಹುಡುಗಿ

ಇದು ಸರಿ. ಇದನ್ನು ಒಪ್ಪುತ್ತೇನೆ. ರೇಸಿನಲ್ಲಿ ಯಾವ ಪೆಟ್ರೋಲ್ ಕೊಡುತ್ತಾರೋ ಅದಕ್ಕೇ ಟ್ಯೂನ್ ಮಾಡಬೇಕು. ದುಡ್ಡು ಕಡಿಮೆ ಇದ್ದರೆ ಸ್ಪೀಡುಯಿನೋ ನೋಡಿ, ಆರ್ಡುಯಿನೋ ಮೆಗಾ ಬೋರ್ಡ್ ಮೇಲೆ ನಡೆಯುವ ಓಪನ್ ಸೋರ್ಸ್ ಇಸಿಯು. ಆದರೆ ಗಾಳಿ-ಇಂಧನ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಕೈ ಹಾಕಬೇಡಿ. ವೈರಿಂಗ್ ಅಚ್ಚುಕಟ್ಟಾಗಿರಬೇಕು. ನಮ್ಮಲ್ಲಿ ಕಾರು ಟ್ರ್ಯಾಕಿನಲ್ಲಿ ನಿಂತಾಗ ಕಾರಣ ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಸಿಗುವುದು ಸಡಿಲ ಕನೆಕ್ಟರ್.

ಕುಡ್ಲದ_ಕಾರು

ಇ20 ವಿಷಯ ಬಂತಲ್ಲ, ಹಳೆ ಕಾರಿನ ಪೆಟ್ರೋಲ್ ಹೋಸ್‌ಗಳನ್ನೆಲ್ಲ ಬದಲಿಸಿ. ಎಥನಾಲಿಗೆ ಹಳೆ ರಬ್ಬರ್ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಅದು ತೇವ ಎಳೆದುಕೊಂಡು ಕೊನೆಗೆ ನೀರು, ಎಥನಾಲ್ ಕೆಳಗೆ ಬೇರೆಯಾಗಿ ನಿಲ್ಲುತ್ತವೆ. ಮೊದಲ ಸ್ಟಾರ್ಟಿಗೆ ಪಂಪ್ ಎಳೆಯುವುದು ಅದನ್ನೇ.

ನಾನಾಪೇಠ_ಸ್ಪೇರ್ಸ್

ಶೆಲ್, ಆಯಿಲ್ ಪಂಪ್, ಟೈಮಿಂಗ್ ಬೆಲ್ಟ್ ಮೂರೂ ಅಧಿಕೃತ ಡೀಲರ್ ಹತ್ರ ಬಿಲ್ ಸಮೇತ ತಗೊಳ್ಳಿ. ನಮ್ಮ ಪೇಟೆಯಲ್ಲೇ ಒಳ್ಳೆಯದೂ ಸಿಗುತ್ತದೆ, ಡಬ್ಬಿ ಒಂದೇ ಥರ ಇರುವ ನಕಲಿಯೂ ಸಿಗುತ್ತದೆ. ಕನ್ನಡಿ, ಹ್ಯಾಂಡಲ್, ಲೈಟ್ ಬೇಕಾದರೆ ಬುಧವಾರ, ಭಾನುವಾರ ಜುನಾ ಬಜಾರಿಗೆ ಹೋಗಿ. ಇಂಜಿನ್ ಒಳಗಿನ ಸಾಮಾನಿಗೆ ಹೋಗಬೇಡಿ.

ಓದುಗ_ಮಾತ್ರ

ಸಂಬಂಧ ಇಲ್ಲದ ಪ್ರಶ್ನೆ, ಕ್ಷಮಿಸಿ. ಭೋಸರಿ ಕಡೆ ನಮ್ಮ ಊರಿನ ರುಚಿಯ ಎಣ್ಣೆಗಾಯಿ ಎಲ್ಲಿ ಸಿಗುತ್ತದೆ? ಭಾಕ್ರಿ ಎಲ್ಲಾ ಕಡೆ ಇದೆ, ಪಲ್ಯ ಆ ರುಚಿ ಬರುವುದಿಲ್ಲ.

ಭೋಸರಿ_ಶೆಡ್

ಭಾನುವಾರ ನಮ್ಮ ಶೆಡ್ಡಿಗೆ ಬನ್ನಿ. ಒಬ್ಬನ ಅವ್ವ ವಿಜಯಪುರದಿಂದ ಬಂದಿದ್ದಾರೆ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲಾ ಕಟ್ಟಿ ಕಳಿಸುತ್ತಾರೆ. ಬಂದರೆ ಒಂದು ಪಾನಾ ಹಿಡಿಯಬೇಕಾಗುತ್ತದೆ.

ಚಾಕಣ್_ಸೆಕೆಂಡ್_ಶಿಫ್ಟ್

ಬ್ರೇಕ್ ಬಗ್ಗೆ ಯಾರೂ ಬರೆದಿಲ್ಲ. ಪೆಡಲ್ ಮೆತ್ತಗಾಗುವುದು ಎಂದರೆ ಬಹುತೇಕ ಫ್ಲೂಯಿಡ್ ಕುದಿಯುತ್ತಿದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಅದು ಪ್ಯಾಡ್. ನಿಮ್ಮದು ಮೊದಲನೆಯದು. ಡಾಟ್ 4 ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಪುಣೆಯ ಮಳೆಗಾಲ ಕಳೆದ ಫ್ಲೂಯಿಡಿನಲ್ಲಿ ಸೀಸನ್ ಓಡಿಸಿದರೆ ಇದೇ ಆಗುವುದು. 300 ಡಿಗ್ರಿ ದಾಟಿದ ರೇಸಿಂಗ್ ಫ್ಲೂಯಿಡ್ ಸಿಗುತ್ತದೆ, ಪ್ರತಿ ರೌಂಡಿಗೆ ಮುಂಚೆ ಬದಲಿಸಿ. ಮುಂದಿನ ಬಂಪರಿನಿಂದ ಡಿಸ್ಕಿನ ನಡುಭಾಗಕ್ಕೆ ಗಾಳಿ ಒಯ್ಯುವ ಹೋಸ್ ಹಾಕಿ. ಇಡೀ ಪಟ್ಟಿಯಲ್ಲಿ ಕಡಿಮೆ ಖರ್ಚಿನ ಕೆಲಸ ಇದೇ.

ಮೂತಿ ಎಳೆಯುವುದಕ್ಕೆ ಮುಂದಿನ ಕಂಟ್ರೋಲ್ ಆರ್ಮ್ ಬುಷ್ ಮೊದಲು ನೋಡಿ. ಕಾರು ಜ್ಯಾಕ್ ಸ್ಟ್ಯಾಂಡ್ ಮೇಲಿರುವಾಗ ಉದ್ದ ಬಾರ್ ಹಾಕಿ ಎತ್ತಿದರೆ ರಬ್ಬರ್ ಬಿರಿದಿದ್ದು ಕಾಣುತ್ತದೆ. ಬುಷ್ ಹರಿದಿದ್ದರೆ ನೀವು ಇಟ್ಟ ಚಕ್ರದ ಕೋನಗಳು, ಕ್ಯಾಂಬರ್, ಟೋ ಯಾವುದೂ ಬ್ರೇಕ್ ಒತ್ತಿದಾಗ ಅಲ್ಲಿರುವುದಿಲ್ಲ.

ಕುಡ್ಲದ_ಕಾರು

ಪಾಲಿಯುರೆಥೇನ್ ಬುಷ್ ಹಾಕಿ ಬಿಡಿ.

ಚಾಕಣ್_ಸೆಕೆಂಡ್_ಶಿಫ್ಟ್

ಎಲ್ಲಾ ಕಡೆ ಬೇಡ. ಒಂದೇ ಅಕ್ಷದಲ್ಲಿ ತಿರುಗುವ ಜಾಗಕ್ಕೆ ಸರಿ. ಎರಡು ಮೂರು ದಿಕ್ಕಿಗೆ ತಿರುಚುವ ಜಾಗದಲ್ಲಿ ಪಾಲಿ ಹಾಕಿದರೆ ಆರ್ಮ್ ಹಿಡಿದುಕೊಳ್ಳುತ್ತದೆ, ಹಿಡಿತ ಮತ್ತೂ ಕಡಿಮೆ. ಅಂಥ ಕಡೆ ನಿಯಮ ಒಪ್ಪಿದರೆ ಸ್ಫೆರಿಕಲ್ ಬೇರಿಂಗ್, ಇಲ್ಲದಿದ್ದರೆ ಹೊಸ ಕಂಪನಿ ರಬ್ಬರ್.

ಆಮೇಲೆ ನಾಲ್ಕು ಚಕ್ರದ ಕೆಳಗೆ ನಾಲ್ಕು ತಕ್ಕಡಿ ಇಟ್ಟು, ಡ್ರೈವರ್ ಸೀಟಿನಲ್ಲಿ ಡ್ರೈವರನ್ನೇ ಕೂರಿಸಿ ತೂಕ ನೋಡಿ. ಕರ್ಣದ ಎರಡು ಚಕ್ರಗಳ ಮೊತ್ತ ಒಟ್ಟಿನ ಅರ್ಧದ ಹತ್ತಿರ ಬರಬೇಕು. ಇಲ್ಲದಿದ್ದರೆ ಎಡ ತಿರುವಿನಲ್ಲಿ ಒಂದು ಥರ, ಬಲಕ್ಕೆ ಇನ್ನೊಂದು ಥರ.

ವೆಲ್ಡಿಂಗ್_ಟಾರ್ಚ್

ಪೇಂಟ್ ಕೆಲಸ ಇದ್ದರೆ ಮೇ ಒಳಗೆ ಮುಗಿಸಿ. ಜೂನಿನಲ್ಲಿ ಮಳೆ ಹಿಡಿದ ಮೇಲೆ ತೇವಕ್ಕೆ ಪೇಂಟ್ ಬಿಳಿಚುತ್ತದೆ. ಕತ್ತರಿಸಿದ ಕಡೆ ಎಪಾಕ್ಸಿ ಪ್ರೈಮರ್ ಅದೇ ದಿನ ಹೊಡೆಯಿರಿ.

ಭೋಸರಿ_ಶೆಡ್

ನಾಲ್ಕೂ ಜನ ಕೂತು ಇದನ್ನೆಲ್ಲ ಓದಿದೆವು. ವಿಡಿಯೋ ಕೂಡ ನೋಡಿದೆವು. ತಂಗಿ ಹೇಳಿದ್ದು ನಿಜ. ತಿರುವಿನಿಂದ ಹೊರಬರುವಾಗ ಮುಂದಿನ ಕಾರು ಫುಲ್ ಥ್ರಾಟಲಿಗೆ ಹೋದ ಮೇಲೂ ನಮ್ಮ ಇಂಜಿನ್ ಸದ್ದು ಅರ್ಧಕ್ಕೇ ಇದೆ. ಇಂಜಿನ್ ಪಕ್ಷದ ಇಬ್ಬರೂ ಅದನ್ನು ನೋಡಿ ಒಪ್ಪಿದರು.

ಕ್ಯಾಮ್, ಓವರ್‌ಸೈಜ್ ಪಿಸ್ಟನ್ ಈ ಸೀಸನ್ನಿಗೆ ಇಲ್ಲ. ಬಾಗಿಲ ಪೈಪ್ ಹೊಸದು, ಸೀಮ್‌ಲೆಸ್, ಟೆಸ್ಟ್ ಸರ್ಟಿಫಿಕೇಟ್ ಸಮೇತ. ಬೆಲ್ಟ್ ಅವಧಿ ಮುಗಿಯುತ್ತಿದೆ, ಅದೂ ಹೊಸದು. ಇಂಜಿನ್ನಿಗೆ ಶೆಲ್, ರಿಂಗ್, ಆಯಿಲ್ ಪಂಪ್, ಬ್ಯಾಫಲ್ ಹಾಕಿದ ಸಂಪ್. ಬುಷ್, ಬ್ರೇಕ್ ಹೋಸ್, ಫ್ಲೂಯಿಡ್. ಉಳಿದ ದುಡ್ಡಿನಲ್ಲಿ ಲಾಗರ್, ವೈಡ್‌ಬ್ಯಾಂಡ್. ಇನ್ನೂ ಸ್ವಲ್ಪ ಮಿಕ್ಕರೆ ಮೊದಲ ರೌಂಡಿಗೆ ಮುಂಚೆ ಕರಿಯಲ್ಲಿ ಟೆಸ್ಟಿಂಗ್. ಟ್ರೇಲರ್ ಮೇಲೆ ಇಲ್ಲಿಂದ 1200 ಕಿ.ಮೀ. ಆಸುಪಾಸು ಆಗುತ್ತದೆ, ಆದರೆ ಓಡಿಸಿ ನೋಡದೆ ಹೋಗುವುದು ಬೇಡ ಅಂತ ಎಲ್ಲರ ಮನಸ್ಸು.

ಕಾಕಾ, ಕ್ರ್ಯಾಂಕ್ ಗ್ರೈಂಡಿಂಗಿಗೆ ಉದ್ಯಮಬಾಗಕ್ಕೇ ಒಯ್ಯೋಣ ಅಂತಿದ್ದೇವೆ. ಗುರುವಾರ ಭೋಸರಿಗೆ ರಜೆ, ಅವತ್ತು ಹೊರಟರೆ ಶುಕ್ರವಾರ ಬೆಳಿಗ್ಗೆ ಕೊಡಬಹುದು. ಏನೇನು ತರಬೇಕು?

ಶೋಲಾವರಂ_ನೋಡಿದವ

ಒಳ್ಳೆಯ ನಿರ್ಧಾರ. ಕರಿಗೆ ಹೋಗುವಾಗ ನನಗೂ ಹೇಳಿ, ಬರುತ್ತೇನೆ.

ಉದ್ಯಮಬಾಗ್_ಲೇಥ್

ಕ್ರ್ಯಾಂಕ್ ಒಂದೇ ತರಬೇಡಿ ತಮ್ಮಾ. ಫ್ಲೈವ್ಹೀಲ್, ಕ್ಲಚ್ ಕವರ್, ಮುಂದಿನ ಪುಲಿ, ನಾಲ್ಕೂ ರಾಡ್, ಕ್ಯಾಪ್, ಬೋಲ್ಟ್ ಸಮೇತ ತನ್ನಿ. ಗ್ರೈಂಡಿಂಗ್ ಆದ ಮೇಲೆ ಎಲ್ಲಾ ಕೂಡಿಸಿ ಬ್ಯಾಲೆನ್ಸ್ ಮಾಡಿಸೋಣ. ಹೊಸ ಶೆಲ್ ಅಂಡರ್‌ಸೈಜ್ ಯಾವುದು ಸಿಗುತ್ತದೆ ಅಂತ ಮೊದಲು ಅಂಗಡಿಯಲ್ಲಿ ಕೇಳಿ ಬನ್ನಿ, ಗ್ರೈಂಡ್ ಮಾಡಿಸಿದ ಮೇಲೆ ಹುಡುಕಬೇಡಿ. ಜರ್ನಲ್‌ಗಳಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಗಾಡಿಯಲ್ಲಿ ಒರಗಿಸದೆ ನೆಟ್ಟಗೆ ನಿಲ್ಲಿಸಿ ಕಟ್ಟಿ ತನ್ನಿ. ಶುಕ್ರವಾರ ನಾನೂ ಬೆಳಗಾವಿಯಲ್ಲೇ ಇರುತ್ತೇನೆ, ಬಂದು ಫೋನ್ ಮಾಡ್ರಿ.